ಗುಂಡಿ ಒತ್ತಿದರೆ ಮೈಲಿಗೆಯೇ?

ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಬರೀ ಗುಂಡಿ ಒತ್ತಿ ಹೆಸರು ಮಾಡಿತು, ಅದು ಸಂಗೀತವೇ ಅಲ್ಲ ಎಂದು ಕಳೆದ ವಾರದ ಲೇಖಕರು ತೀರ್ಪು ಕೊಟ್ಟಿದ್ದಾರೆ. ಕೇಳಿ ಬರೆದರೋ, ಕೇಳದೆಯೋ? 1970ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ತಂಡ ಕಟ್ಟಿದ ಇಬ್ಬರಲ್ಲಿ ಫ್ಲೋರಿಯಾನ್ ಶ್ನೈಡರ್ ಕೊಳಲು ವಾದಕ. 1974ರ ‘ಆಟೋಬಾನ್’ ಆಲ್ಬಮ್‌ನಲ್ಲೂ ಆ ಕೊಳಲಿದೆ. 1977ರ ‘ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್’ ನಿಂತಿರುವುದೇ ರೈಲುಗಾಲಿಯ ಲಯದ ಮೇಲೆ. ಲೋಂಡಾ-ಖಾನಾಪುರ ಗಾಡಿಗಳ ಸದ್ದಿನಲ್ಲೇ ಬದುಕುವ ನಮ್ಮ ಗುಂಜಿಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಧಾಟಿಯನ್ನು 1982ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ‘ಪ್ಲಾನೆಟ್ ರಾಕ್’ ಹಾಡಿಗೆ ಎತ್ತಿಕೊಂಡ. 1986ರ ನಂತರ ತಂಡದ ಹೊಸ ಸರಕು ಕಡಿಮೆ, ಅದು ನಿಜ.

ಯಂತ್ರವೇ ದೋಷವೆಂದರೆ ಇದನ್ನೂ ಕೇಳಿ: 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರೂ ಕೊಳಲಿನವರೇ. ಆ ಪೆಟ್ಟಿಗೆಯ ಶ್ರುತಿಗೆ ಹಾಡುವವರನ್ನೆಲ್ಲ ಲೇಖಕರು ಕಛೇರಿಯಿಂದ ಎಬ್ಬಿಸಿ ಕಳಿಸುತ್ತಾರೋ?