ಫ್ರೀಜರ್ ಅಂದ್ರೆ ಪಾಜ್ ಬಟನ್, ಅನ್‌ಡೂ ಅಲ್ಲ ಸ್ವಾಮಿ!

ಮೊದಲೇ ಹೇಳಿಬಿಡ್ತೀನಿ, ಇದು ಮಾಂಸದ ವಿಷಯ. ಸಸ್ಯಾಹಾರಿ ಮಿತ್ರರು ಇಲ್ಲಿಂದಲೇ ವಾಪಸ್ ಹೋದ್ರೂ ಬೇಜಾರಿಲ್ಲ :)

ನಾನಿರೋದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ನವೆಂಬರ್ ಬಂತು ಅಂದ್ರೆ ಒಂಬತ್ತು ದಿನ ಬಂದೂಕಿನ ಜಿಂಕೆ ಬೇಟೆ, ಅರ್ಧ ಆಫೀಸು ಖಾಲಿ. ಬೇಟೆಯ ಮಾಂಸ ಮಾರುವಂತಿಲ್ಲ, ಹಂಚಬಹುದು. ಹೋದ ಸಲ ಪಕ್ಕದ ಸೀಟಿನ ಹಿರಿಯರೊಬ್ಬರು ನನಗೆ ಸುಮಾರು ಮೂರು ಕಿಲೋ ಕೊಟ್ರು. ಗಾಳಿ ತೆಗೆದ ವ್ಯಾಕ್ಯೂಮ್ ಪ್ಯಾಕು, ಪ್ರತಿಯೊಂದರ ಮೇಲೂ ತಾರೀಕು, ಯಾವ ಭಾಗದ್ದು ಅನ್ನೋ ಬರಹ.

ಏಳು ತಿಂಗಳಾದ ಮೇಲೆ ಕರಗೋಕೆ ಇಟ್ಟೆ. ರೂಮ್‌ಮೇಟುಗಳು (ಎಲ್ಲಾ ನಮ್ಮ ಕಡೆಯವರೇ) ನೋಡಿ, "ಕಪ್ಪಾಗಿದೆ ಮಾರಾಯ, ಕೆಟ್ಟಿದೆ. ಕಾಡುಪ್ರಾಣಿ ಬೇರೆ, ವಾಸನೆ ಬರುತ್ತೆ" ಅಂತ ತೀರ್ಪು ಕೊಟ್ಟು ಕಸಕ್ಕೆ ಹಾಕಿದ್ರು. ಪ್ಯಾಕೆಟ್ ಒಡೆದು ಮೂಸಿಯೂ ನೋಡಲಿಲ್ಲ! ನಾನೂ ಸುಮ್ಮನಿದ್ದೆ. ಸೋಮವಾರ ಆ ಹಿರಿಯರು "ಹೇಗಿತ್ತು?" ಅಂದಾಗ "ಸೂಪರ್" ಅಂತ ಸುಳ್ಳು ಬೇರೆ ಹೇಳಿದೆ.

ಈಗ ನನ್ನ ತಕರಾರು ಕೇಳಿ.

ಕಪ್ಪಾಗಿದ್ದು ಕೆಟ್ಟಿದ್ದಕ್ಕಲ್ಲ. ಮಾಂಸದ ಬಣ್ಣ ಮಯೋಗ್ಲೋಬಿನ್‌ದು. ಜಿಂಕೆಯಲ್ಲಿ ಅದು ಜಾಸ್ತಿ. ಆಮ್ಲಜನಕ ಸಿಗದ ಪ್ಯಾಕಿನೊಳಗೆ ಅದು ಕಡುನೇರಳೆಯಾಗಿಯೇ ಇರುತ್ತೆ. ಒಡೆದು ಸ್ವಲ್ಪ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಕೆಂಪಿಗೆ ತಿರುಗುತ್ತೆ.

ಏಳು ತಿಂಗಳು ಹಳೇದೂ ಅಲ್ಲ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲ್ಲ. ಕಾಲ ಕಳೆದ ಹಾಗೆ ಹೋಗೋದು ರುಚಿ. ಎರಡು ದಾರಿಯಲ್ಲಿ ಹೋಗುತ್ತೆ. ಒಂದು, ಪ್ಯಾಕಿನಲ್ಲಿ ಗಾಳಿ ಉಳಿದಿದ್ರೆ ಮೇಲಿನ ಮಂಜು ನೇರ ಆವಿಯಾಗಿ ಮಾಂಸ ಬಿಳಿಚಿ ಒಣಗುತ್ತೆ. ಅದೇ ಫ್ರೀಜರ್ ಬರ್ನ್. ಅದು ವಿಷ ಅಲ್ಲ, ಆ ಭಾಗ ಕತ್ತರಿಸಿ ಉಳಿದದ್ದು ಬೇಯಿಸಿ. ಎರಡು, ಕೊಬ್ಬು ಕಮಟಾಗುತ್ತೆ. ನೀವು "ಕಾಡು ವಾಸನೆ" ಅಂತೀರಲ್ಲ, ಎಷ್ಟೋ ಸಲ ಅದು ತೆಗೆಯದೆ ಬಿಟ್ಟ ಕೊಬ್ಬು, ಇಲ್ಲಾ ಬೇಗ ತಣ್ಣಗೆ ಮಾಡದ ಮಾಂಸ. ತಪ್ಪು ಜಿಂಕೆದಲ್ಲ ಸ್ವಾಮಿ, ಮನುಷ್ಯರದ್ದು. ಕೊಚ್ಚಿದ್ದು ಮೂರ್ನಾಲ್ಕು ತಿಂಗಳಲ್ಲಿ ಮುಗಿಸಿ, ಇಡೀ ತುಂಡು ವರ್ಷದವರೆಗೂ ಚೆನ್ನಾಗಿರುತ್ತೆ.

ತಮಾಷೆ ಏನು ಗೊತ್ತಾ? ಇದೇ ಮಹಾಶಯರು ಅಂಗಡಿ ಚಿಕನ್ನನ್ನ ಮಧ್ಯಾಹ್ನವಿಡೀ ಸಿಂಕಿನಲ್ಲಿ ಬಿಟ್ಟು ಕರಗಿಸ್ತಾರೆ. ಒಳಗೆ ಕಲ್ಲು, ಹೊರಗೆ ಬ್ಯಾಕ್ಟೀರಿಯಾಗಳ ಜಾತ್ರೆ! ಆಮೇಲೆ "ಫ್ರೀಜರ್‌ಗೆ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ" ಅಂತ ಉಳಿದದ್ದನ್ನ ಮತ್ತೆ ಒಳಗೆ ತಳ್ತಾರೆ. ಸರಿಹೋಗಲ್ಲ! ಬ್ಯಾಕ್ಟೀರಿಯಾ ಅಲ್ಲಿ ಸಾಯಲ್ಲ, ನಿದ್ದೆ ಮಾಡುತ್ತೆ. ಫ್ರೀಜರ್ ಅಂದ್ರೆ ಪಾಜ್ ಬಟನ್, ಅನ್‌ಡೂ ಅಲ್ಲ. ಒಳಗೆ ಹೋಗಿದ್ದೇ ಹೊರಗೆ ಬರೋದು. ಕರಗಿಸೋದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ತಟ್ಟೆ ಇಟ್ಟು. ಕರಗಿದ ಮೇಲೆ ಲೋಳೆಲೋಳೆ ಇದ್ರೆ, ಹುಳಿ ವಾಸನೆ ಬಂದ್ರೆ ಧಾರಾಳವಾಗಿ ಬಿಸಾಕಿ, ನಾನೇ ಬುಟ್ಟಿ ಹಿಡೀತೀನಿ.

ನಿಜವಾಗಿ ಹೆದರಬೇಕಾದ್ದು ಕಣ್ಣಿಗೆ ಕಾಣಲ್ಲ. ಜಿಂಕೆಗಳಿಗೆ ಪ್ರಿಯಾನ್‌ನಿಂದ ಬರೋ ಕ್ಷಯಿಸುವ ರೋಗವೊಂದಿದೆ, ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯ್ತು. ಮನುಷ್ಯರಿಗೆ ಹರಡಿದ್ದು ಸಾಬೀತಾಗಿಲ್ಲ, ಆದ್ರೂ ಸೋಂಕಿದ್ದ ಮಾಂಸ ತಿನ್ನಬೇಡಿ ಅಂತಾರೆ. ಅದು ಫ್ರೀಜರ್‌ಗೂ ಬಗ್ಗಲ್ಲ, ಒಲೆಗೂ ಬಗ್ಗಲ್ಲ, ಮೂಗಿಗೂ ಸಿಗಲ್ಲ. ಆ ಹಿರಿಯರು ತಲೆಯನ್ನ ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರೋವರೆಗೆ ಕಾದು, ಆಮೇಲೆ ನನಗೆ ಕೊಟ್ಟಿದ್ರು. ನಾವು ಕಸಕ್ಕೆ ಹಾಕಿದ್ದು ಆ ಕಾಳಜಿಯನ್ನ. ಆ ಜಿಂಕೆಯ ಜೀವವನ್ನಂತೂ ಲೆಕ್ಕಕ್ಕೇ ಇಡಲಿಲ್ಲ.

(ಊರಲ್ಲಿರೋರು ಇದನ್ನ ಓದಿ ಬಂದೂಕು ಹುಡುಕಬೇಡಿ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆಯೂ ಅಪರಾಧ, ಅದರ ಮಾಂಸ ಇಟ್ಕೊಳ್ಳೋದೂ ಅಪರಾಧ.)

ಕೊಂದು ತಿನ್ನೋದು ಸರಿಯೋ ತಪ್ಪೋ, ಜಗಳಾಡೋಣ, ನಾನು ರೆಡಿ. ಆದ್ರೆ ಕೊಂದದ್ದನ್ನ ಮೂಸಿಯೂ ನೋಡದೆ ಎಸೆಯೋದು ತಪ್ಪು, ಇದರಲ್ಲಿ ನನಗೆ ಅನುಮಾನವಿಲ್ಲ. ಮುಂದಿನ ನವೆಂಬರ್‌ನಲ್ಲಿ ಅವರು ಮತ್ತೆ ಕೊಡೋಕೆ ಬಂದ್ರೆ, ಕೈ ಚಾಚೋ ಮುಂಚೆ ನಿಜ ಹೇಳಬೇಕು ಅಂತಿದ್ದೀನಿ.

ನಿಮ್ಮನೆ ಫ್ರೀಜರ್‌ನ ತಳದಲ್ಲಿ ಏನಿದೆ? ಒಮ್ಮೆ ನೋಡಿ ಬನ್ನಿ, ಆಮೇಲೆ ನನ್ನನ್ನ ಬೈಯ್ಯಿರಿ :)