ಗೊರಕೆಗೆ ಉಸಿರಾಟದ ಯಂತ್ರ: ಕೊಳ್ಳುವ ಮೊದಲು ಏನು ಗೊತ್ತಿರಬೇಕು?

“ಗೊರಕೆ ಇದೆಯೇ? ಈ ಯಂತ್ರ ತಂದಿಡಿ. ಆಕ್ಸಿಜನ್ ಏರುತ್ತದೆ, ಹೃದಯಾಘಾತ ಬರುವುದೇ ಇಲ್ಲ.” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: “ಒಮ್ಮೆ ಮಾಸ್ಕ್ ಹಾಕಿದರೆ ಜೀವನಪೂರ್ತಿ ಬಿಡಲಾಗದು. ಕರೆಂಟ್ ಹೋದರೆ ನಿದ್ದೆಯಲ್ಲೇ ಉಸಿರು ನಿಲ್ಲುತ್ತದೆ.” ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಹತ್ತಾರು ಸಾವಿರ ರೂಪಾಯಿ ಕೊಟ್ಟು ತಮಗೆ ಹೊಂದದ ಯಂತ್ರ ತರುತ್ತಾರೆ. ಎರಡನೆಯದನ್ನು ನಂಬಿದವರು ಬೇಕಾದ ಚಿಕಿತ್ಸೆಯನ್ನೇ ಬಿಡುತ್ತಾರೆ.

ಕೆಜಿಎಫ್, ಬಂಗಾರಪೇಟೆ ಕಡೆಯವರಿಗೆ ಇದರಲ್ಲಿ ಇನ್ನೂ ಒಂದು ತೊಡಕಿದೆ. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಗಣಿಗಳಲ್ಲಿ ದುಡಿದ ಹಿರಿಯರು ಇರುವ ಮನೆಗಳಲ್ಲಿ ರಾತ್ರಿ ಉಸಿರು ಕಟ್ಟುವುದಕ್ಕೆ ಕಾರಣ ಗಂಟಲಲ್ಲಿ ಇರಬಹುದು, ಶ್ವಾಸಕೋಶದಲ್ಲೂ ಇರಬಹುದು. ಕಾರಣ ಬೇರೆಯಾದರೆ ಯಂತ್ರವೂ ಬೇರೆ.

ಸ್ಲೀಪ್ ಆಪ್ನಿಯಾ ಎಂದರೇನು?

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ ಮತ್ತು ಕಿರುನಾಲಿಗೆಯ ಸುತ್ತಲಿನ ಮೆದು ಭಾಗ ಹಿಂದಕ್ಕೆ ಕುಸಿದು ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಎದೆ ಏರಿಳಿಯುತ್ತಿರುತ್ತದೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಅರೆಕ್ಷಣ ಎಚ್ಚರಿಸುತ್ತದೆ, ದೊಡ್ಡ ಸದ್ದಿನೊಂದಿಗೆ ಉಸಿರು ಮತ್ತೆ ಶುರುವಾಗುತ್ತದೆ. ಮಲಗಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ.

ಹೀಗೆ ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಅಥವಾ ತೀರಾ ಕಡಿಮೆಯಾದರೆ ಅದನ್ನು ಒಂದು ಘಟನೆ ಎಂದು ಎಣಿಸುತ್ತಾರೆ. ಗಂಟೆಗೆ ಸರಾಸರಿ ಎಷ್ಟು ಘಟನೆ ಎಂಬುದೇ ಎಎಚ್‌ಐ ಎಂಬ ಅಂಕಿ. 5ಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಇದು ಅಪರೂಪದ ಕಾಯಿಲೆಯಲ್ಲ. ದೆಹಲಿಯ ಏಮ್ಸ್ ವೈದ್ಯರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದುಡಿಯುವ ವಯಸ್ಸಿನ ಭಾರತೀಯರಲ್ಲಿ ಸುಮಾರು ಶೇ. 11ರಷ್ಟು, ಅಂದರೆ ಹತ್ತಿರಹತ್ತಿರ 10.4 ಕೋಟಿ ಜನರಿಗೆ ಇದು ಇದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ವೈದ್ಯರು ಹೇಳಿದ್ದು ಇದೇ ಕಾಯಿಲೆಯ ಹೆಸರನ್ನು.

ಗೊರಕೆ ಇದ್ದರೆ ಸಾಕೇ?

ಸಾಲದು. ಗೊರಕೆ ಹೊಡೆಯುವ ಎಲ್ಲರಿಗೂ ಆಪ್ನಿಯಾ ಇರುವುದಿಲ್ಲ. ಹಾಗೆಯೇ ಹಗಲು ತೂಕಡಿಸುವ ಎಲ್ಲರಿಗೂ ಇರುವುದಿಲ್ಲ. ಮಾರಿಕುಪ್ಪಂ, ಬಂಗಾರಪೇಟೆಯಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ನೋಡಿ. ರಾತ್ರಿ ಮನೆ ಸೇರುವುದು ತಡ, ಏಳುವುದು ಬೇಗ. ನಿದ್ದೆಯೇ ಐದು ಗಂಟೆ ಆದವರು ರೈಲಿನಲ್ಲಿ ತೂಕಡಿಸದೆ ಇನ್ನೇನು ಮಾಡುತ್ತಾರೆ? ಆ ಸುಸ್ತಿಗೆ ಯಂತ್ರ ಮದ್ದಲ್ಲ, ನಿದ್ದೆಯೇ ಮದ್ದು.

ಆದರೆ ಏಳೆಂಟು ಗಂಟೆ ಮಲಗಿದರೂ ದಣಿವು ಹೋಗದಿದ್ದರೆ, ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಮನೆಯವರು ಕಂಡಿದ್ದರೆ, ಬೆಳಿಗ್ಗೆ ತಲೆನೋವು ಬರುತ್ತಿದ್ದರೆ, ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬರದಿದ್ದರೆ ಪರೀಕ್ಷೆ ಬೇಕು. ಬಸ್ಸು, ಲಾರಿ, ಕ್ಯಾಬ್ ಓಡಿಸುವವರಿಗಂತೂ ಇದು ರಸ್ತೆಯಲ್ಲಿ ಪ್ರಾಣದ ಪ್ರಶ್ನೆ.

ಪರೀಕ್ಷೆಯ ಹೆಸರು ಸ್ಲೀಪ್ ಸ್ಟಡಿ. ಇದರಲ್ಲಿ ಎರಡು ಬಗೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮಿದುಳಿನ ಅಲೆ, ಉಸಿರು, ಆಕ್ಸಿಜನ್, ಹೃದಯ ಬಡಿತ ಎಲ್ಲವನ್ನೂ ಅಳೆಯುವುದು ಒಂದು. ಸಣ್ಣ ಸಾಧನ ಕೊಟ್ಟು ಮನೆಯಲ್ಲೇ ಅಳೆಯುವುದು ಇನ್ನೊಂದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅಥವಾ ಕೈಗಡಿಯಾರ ಸುಳಿವು ಕೊಡಬಹುದು. ಅದು ಪರೀಕ್ಷೆ ಅಲ್ಲ.

ಗಣಿಯಲ್ಲಿ ದುಡಿದವರ ವಿಷಯ ಬೇರೆ

ಕೋಲಾರದ ಚಿನ್ನದ ಗಣಿಗಳಿಗೂ ಶ್ವಾಸಕೋಶದ ಕಾಯಿಲೆಗೂ ಹಳೆಯ ನಂಟು. ಬಂಡೆ ಕೊರೆಯುವಾಗ ಏಳುವ ನುಣುಪಾದ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆ ಮಾಡುತ್ತದೆ. ಇದೇ ಸಿಲಿಕೋಸಿಸ್. 1940–46ರಲ್ಲಿ ಇಲ್ಲಿನ ಗಣಿ ಕಾರ್ಮಿಕರ ಮೇಲೆ ನಡೆದ ತಪಾಸಣೆಯಲ್ಲಿ ಶೇ. 43.7 ಜನರಲ್ಲಿ ಇದು ಕಂಡಿತ್ತು ಎಂದು ವೈದ್ಯಕೀಯ ಪುಸ್ತಕಗಳು ಇಂದಿಗೂ ಉಲ್ಲೇಖಿಸುತ್ತವೆ. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಸಿಲಿಕೋಸಿಸ್ ಗಣಿಯ ಜೊತೆ ಮುಚ್ಚುವುದಿಲ್ಲ. ಧೂಳಿನ ಕೆಲಸ ಬಿಟ್ಟು ವರ್ಷಗಳಾದ ಮೇಲೂ ಅದು ಮುಂದುವರಿಯಬಹುದು.

ಇಂಥವರಿಗೆ ರಾತ್ರಿ ಆಕ್ಸಿಜನ್ ಇಳಿಯಲು ಗಂಟಲು ಮುಚ್ಚಲೇಬೇಕೆಂದಿಲ್ಲ. ಶ್ವಾಸಕೋಶವೇ ಸೋತಿರಬಹುದು. ಬೀಡಿ, ಸಿಗರೇಟಿನಿಂದ ಸಿಒಪಿಡಿಯೂ ಸೇರಿರಬಹುದು. ಆಪ್ನಿಯಾವೂ ಜೊತೆಗಿರಬಹುದು. ಆದ್ದರಿಂದ ಮೂರು ಮಾತು ನೆನಪಿಡಿ.

ಒಂದು, ಶ್ವಾಸಕೋಶದ ಕಾಯಿಲೆ ಹೆಚ್ಚಿರುವವರಿಗೆ ಮನೆಯಲ್ಲಿ ಮಾಡುವ ಪರೀಕ್ಷೆ ಸಾಲದು, ಆಸ್ಪತ್ರೆಯಲ್ಲೇ ಪೂರ್ಣ ಸ್ಲೀಪ್ ಸ್ಟಡಿ ಆಗಬೇಕು. ಎರಡು, ಕೆಲವರಲ್ಲಿ ಆಕ್ಸಿಜನ್ ಇಳಿಯುವುದರ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ. ಅದನ್ನು ನೋಡಲು ರಕ್ತಪರೀಕ್ಷೆ ಬೇಕಾಗುತ್ತದೆ. ಮೂರು, ಹೀಗೆ ಉಳಿಯುತ್ತಿರುವವರಿಗೆ ಮನೆಯವರೇ ಆಕ್ಸಿಜನ್ ಕಾನ್ಸಂಟ್ರೇಟರ್ ತಂದು ರಾತ್ರಿಯಿಡೀ ಹಚ್ಚಿದರೆ ಕಾರ್ಬನ್ ಡೈಆಕ್ಸೈಡ್ ಇನ್ನಷ್ಟು ಏರಿ ಅಪಾಯವಾಗಬಹುದು. ವೈದ್ಯರ ಮುಂದೆ ಕೂತಾಗ ಗೊರಕೆಯ ವಿಷಯಕ್ಕಿಂತ ಮೊದಲು ಹೇಳಬೇಕಾದ್ದು: “ಗಣಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದಾರೆ.” ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಸಾಧ್ಯತೆ ಹೆಚ್ಚು, ಹಾಗಾಗಿ ಅದರ ತಪಾಸಣೆಯೂ ಆಗಿರಬೇಕು.

ಯಂತ್ರ ಆಕ್ಸಿಜನ್ ಕೊಡುತ್ತದೆಯೇ?

ಇಲ್ಲ. ಸಿಪ್ಯಾಪ್ ಯಂತ್ರ ಕೋಣೆಯ ಗಾಳಿಯನ್ನೇ ಎಳೆದು, ಸ್ವಲ್ಪ ಒತ್ತಡದಲ್ಲಿ ಮೂಗಿಗೆ ಕಳಿಸುತ್ತದೆ, ಅಷ್ಟೆ. ಆ ಒತ್ತಡ ಗಂಟಲಿನ ದಾರಿ ಕುಸಿಯದಂತೆ ಒಳಗಿನಿಂದ ಆನಿಸಿ ಹಿಡಿಯುತ್ತದೆ. ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 4ರಿಂದ 20ರವರೆಗೆ. ಒಂದು ಎತ್ತರದ ಲೋಟದ ನೀರಿನಲ್ಲಿ ಸ್ಟ್ರಾವನ್ನು 10 ಸೆಂ.ಮೀ. ಆಳ ಅದ್ದಿ ಗುಳ್ಳೆ ಬರುವಂತೆ ಊದಿ ನೋಡಿ. 10ರ ಒತ್ತಡ ಎಂದರೆ ಅಷ್ಟೆ.

ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಈ ವಿಧಾನವನ್ನು ಐವರು ರೋಗಿಗಳ ಮೇಲೆ ಪ್ರಯೋಗಿಸಿ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರಿಂದ ಶ್ವಾಸಕೋಶ ಸೋಮಾರಿಯಾಗುತ್ತದೆ, ಚಟ ಹತ್ತುತ್ತದೆ ಎಂಬುದಕ್ಕೆ ಆಧಾರವಿಲ್ಲ. ಯಂತ್ರ ಬಿಟ್ಟರೆ ಹಳೆಯ ಆಪ್ನಿಯಾ ಮರಳುತ್ತದೆ. ಕನ್ನಡಕ ತೆಗೆದರೆ ಮಸುಕು ಮರಳುವಂತೆ. ಅದು ಚಟ ಅಲ್ಲ. ತೂಕ ಚೆನ್ನಾಗಿ ಇಳಿದರೆ ಕೆಲವರಿಗೆ ಯಂತ್ರದ ಅಗತ್ಯವೇ ತಪ್ಪಬಹುದು, ಆದರೆ ಅದನ್ನು ಮರುಪರೀಕ್ಷೆ ಹೇಳಬೇಕು.

ಸಿಪ್ಯಾಪ್, ಆಟೋ, ಬೈಪ್ಯಾಪ್: ಯಾವುದು ಯಾರಿಗೆ?

ಮಾಮೂಲಿ ಸಿಪ್ಯಾಪ್ ರಾತ್ರಿಯಿಡೀ ಒಂದೇ ಒತ್ತಡ ಕೊಡುತ್ತದೆ. ಎಷ್ಟು ಎಂಬುದನ್ನು ಪರೀಕ್ಷೆಯಿಂದ ವೈದ್ಯರು ನಿರ್ಧರಿಸಬೇಕು. ಆಟೋ ಸಿಪ್ಯಾಪ್ ಪ್ರತಿ ಉಸಿರನ್ನೂ ಗಮನಿಸುತ್ತಾ, ವೈದ್ಯರು ಕೊಟ್ಟ ಮಿತಿಯೊಳಗೆ ಒತ್ತಡವನ್ನು ತಾನೇ ಏರಿಸಿ ಇಳಿಸುತ್ತದೆ. ಬೇರೆ ಕಾಯಿಲೆ ಇಲ್ಲದ ಮಾಮೂಲಿ ಆಪ್ನಿಯಾಕ್ಕೆ ಎರಡೂ ಆಗುತ್ತವೆ.

ಬೈಪ್ಯಾಪ್ ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುತ್ತದೆ. ಇದು ಸಿಪ್ಯಾಪ್‌ನ “ದೊಡ್ಡ ಮಾಡೆಲ್” ಅಲ್ಲ. ಕಾರ್ಬನ್ ಡೈಆಕ್ಸೈಡ್ ಉಳಿಯುವವರಿಗೆ, ಅತಿ ತೂಕದಿಂದ ಉಸಿರಾಟವೇ ಕುಗ್ಗಿದವರಿಗೆ, ಕೆಲವು ಶ್ವಾಸಕೋಶ ಮತ್ತು ನರಸ್ನಾಯು ಕಾಯಿಲೆಯವರಿಗೆ ಬೇಕಾಗುವಂಥದ್ದು. ಬೆಲೆಯೂ ಹೆಚ್ಚು. ಬೇಡದವರಿಗೆ ಬೈಪ್ಯಾಪ್ ಮಾರುವುದು ಎಷ್ಟು ತಪ್ಪೋ, ಧೂಳಿನ ಶ್ವಾಸಕೋಶ ಇರುವ ಹಿರಿಯರಿಗೆ ಪರೀಕ್ಷೆ ಇಲ್ಲದೆ ಆಟೋ ಸಿಪ್ಯಾಪ್ ಕಟ್ಟಿಬಿಡುವುದೂ ಅಷ್ಟೇ ತಪ್ಪು.

ಯಂತ್ರಕ್ಕಿಂತ ಮಾಸ್ಕ್ ಮುಖ್ಯ

ಕೊಂಡ ಯಂತ್ರ ಅಟ್ಟ ಸೇರಲು ಹೆಚ್ಚಿನ ಸಲ ಕಾರಣ ಮಾಸ್ಕ್. ಮೂಗಿನ ಹೊಳ್ಳೆಗಷ್ಟೇ ಕೂರುವುದು, ಮೂಗನ್ನು ಮುಚ್ಚುವುದು, ಮೂಗು-ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆ. ಮೂಗು ಸರಾಗವಾಗಿದ್ದರೆ ಮೊದಲೆರಡು ಹಗುರ. ದಪ್ಪ ಮೀಸೆ ಇದ್ದರೆ ಮೂಗು ಮುಚ್ಚುವ ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರಬಹುದು, ಹೊಳ್ಳೆಯ ಮಾಸ್ಕ್ ಹೊಂದಬಹುದು. ಬಾಯಲ್ಲಿ ಉಸಿರಾಡುವವರಿಗೆ ಮೂರನೆಯದು ಬೇಕಾಗಬಹುದು.

ಅಂಗಡಿಯಲ್ಲಿ ಕೂತು ನೋಡಿದರೆ ಸಾಲದು. ಮಲಗಿ, ಯಂತ್ರ ಚಾಲೂ ಮಾಡಿ, ಮಗ್ಗುಲು ಬದಲಿಸಿ ನೋಡಿ. ಹೊಂದದಿದ್ದರೆ ಬದಲಿಸಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಕೆಲವು ಮಾಸ್ಕ್‌ಗಳ ಕೊಂಡಿಯಲ್ಲಿ ಅಯಸ್ಕಾಂತ ಇರುತ್ತದೆ. ಪೇಸ್‌ಮೇಕರ್ ಇರುವವರು ಅಂಥದ್ದನ್ನು ಬಳಸಬಾರದು, ಅವರ ಪಕ್ಕದಲ್ಲಿ ಮಲಗುವವರೂ ಬಳಸಬಾರದು.

ಧೂಳು, ನೀರು, ಕರೆಂಟ್

ಗಾಳಿ ಬೀಸುವ ದಿನಗಳಲ್ಲಿ ಕೆಜಿಎಫ್‌ನ ಸೈನೈಡ್ ದಿಬ್ಬಗಳ ಧೂಳು ಮನೆಯೊಳಕ್ಕೂ ಬರುತ್ತದೆ. ಯಂತ್ರ ಎಳೆಯುವುದು ಅದೇ ಕೋಣೆಯ ಗಾಳಿಯನ್ನು. ಆದ್ದರಿಂದ ಕಿಟಕಿ ಪಕ್ಕದಲ್ಲಿ ಅಥವಾ ನೆಲದ ಮೇಲೆ ಇಡಬೇಡಿ. ನುಣುಪು ಧೂಳು ತಡೆಯುವ ಫಿಲ್ಟರ್ ಆ ಮಾಡೆಲ್‌ಗೆ ಸಿಗುತ್ತದೆಯೇ ಕೇಳಿ, ಫಿಲ್ಟರ್ ಬೂದಿ ಬಣ್ಣಕ್ಕೆ ತಿರುಗಿದರೆ ದಿನ ಎಣಿಸದೆ ಬದಲಿಸಿ.

ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಗಂಟಲು ಒಣಗುವುದನ್ನು ತಪ್ಪಿಸುತ್ತದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ತೊಟ್ಟಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ದಿನಾ ಬೆಳಿಗ್ಗೆ ಉಳಿದ ನೀರು ಚೆಲ್ಲಿ ಒಣಗಿಸಿ.

ಶಿವನಸಮುದ್ರದ ವಿದ್ಯುತ್ 1902ರಲ್ಲೇ ಮೊದಲು ಬಂದದ್ದು ಈ ಗಣಿಗಳಿಗೆ. ಆದರೂ ರಾತ್ರಿ ಕರೆಂಟ್ ಹೋಗುವುದು ತಪ್ಪಿಲ್ಲ. ಹೋದರೆ ಉಸಿರು ಕಟ್ಟುತ್ತದೆಯೇ? ಇಲ್ಲ. ಮಾಸ್ಕ್‌ನಲ್ಲಿ ಗಾಳಿ ಹೊರಹೋಗುವ ರಂಧ್ರಗಳಿರುತ್ತವೆ. ಮೂಗು-ಬಾಯಿ ಮುಚ್ಚುವ ಮಾಸ್ಕ್‌ನಲ್ಲಿ, ಯಂತ್ರ ನಿಂತ ಕೂಡಲೇ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟ ಇರುತ್ತದೆ. ಎಚ್ಚರವಾಗುತ್ತದೆ, ಮಾಸ್ಕ್ ತೆಗೆದು ಮಲಗಬಹುದು. ಹ್ಯೂಮಿಡಿಫೈಯರ್ ಆಫ್ ಮಾಡಿದರೆ ಯಂತ್ರ ತಿನ್ನುವ ವಿದ್ಯುತ್ ಬಹಳ ಕಡಿಮೆ, ಮನೆಯ ಸೈನ್ ವೇವ್ ಇನ್ವರ್ಟರ್ ಸಾಕು.

ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳಬಹುದೇ?

2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಯಂತ್ರಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಯಿತು. ಸದ್ದು ತಗ್ಗಿಸಲು ಒಳಗೆ ಹಾಕಿದ ಫೋಮ್ ಪುಡಿಯಾಗಿ ಗಾಳಿಯೊಂದಿಗೆ ಉಸಿರಿಗೆ ಸೇರುವ ಸಾಧ್ಯತೆ ಕಂಡಿತ್ತು. ಹಳೆಯ ಯಂತ್ರ ಕಡಿಮೆ ಬೆಲೆಗೆ ಸಿಕ್ಕರೆ ಅದರ ಮಾಡೆಲ್ ಮತ್ತು ಸೀರಿಯಲ್ ನಂಬರ್ ಆ ಪಟ್ಟಿಯಲ್ಲಿದೆಯೇ ನೋಡಿ. ಎಷ್ಟು ಗಂಟೆ ಓಡಿದೆ ಎಂಬುದನ್ನು ಯಂತ್ರವೇ ತೋರಿಸುತ್ತದೆ. ಮಾಸ್ಕ್, ಪೈಪ್, ಫಿಲ್ಟರ್ ಮಾತ್ರ ಹೊಸದೇ ಆಗಿರಲಿ. ಹಿಂದಿನವರ ಒತ್ತಡದ ಸೆಟ್ಟಿಂಗ್ ನಿಮ್ಮದಲ್ಲ, ಅದನ್ನು ಬದಲಿಸದೆ ಹಾಕಿಕೊಳ್ಳಬೇಡಿ.

ಹೃದಯಾಘಾತ ತಪ್ಪುತ್ತದೆಯೇ?

ಭಾರತವೂ ಸೇರಿ 7 ದೇಶಗಳ 2,717 ಹೃದ್ರೋಗ ಅಥವಾ ಪಾರ್ಶ್ವವಾಯು ಹಿನ್ನೆಲೆಯವರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. ಸಿಪ್ಯಾಪ್ ಬಳಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದದ್ದು ಕಾಣಲಿಲ್ಲ. ಹಗಲಿನ ತೂಕಡಿಕೆ, ಗೊರಕೆ ಕಡಿಮೆಯಾಯಿತು, ಮನಸ್ಸಿನ ಗೆಲುವು ಹೆಚ್ಚಿತು. ಗಮನಿಸಬೇಕಾದ್ದು: ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಆದ್ದರಿಂದ “ಹೃದಯಾಘಾತ ಬರುವುದೇ ಇಲ್ಲ” ಎಂದು ಯಾರೂ ಖಾತರಿ ಕೊಡುವಂತಿಲ್ಲ. ಯಂತ್ರ ತಂದವರು ಬಿಪಿ, ಶುಗರ್ ಮಾತ್ರೆಗಳನ್ನು ನಿಲ್ಲಿಸುವಂತೆಯೂ ಇಲ್ಲ.

ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

- ಸ್ಲೀಪ್ ಸ್ಟಡಿಯ ಪೂರ್ಣ ವರದಿ ಕೈಯಲ್ಲಿದೆಯೇ? ಯಾವ ಯಂತ್ರ, ಎಷ್ಟು ಒತ್ತಡ ಎಂದು ವೈದ್ಯರು ಬರೆದು ಕೊಟ್ಟಿದ್ದಾರೆಯೇ?
- ಕೊಳ್ಳುವ ಮೊದಲು ಕೆಲವು ವಾರ ಬಾಡಿಗೆಗೆ ಸಿಗುತ್ತದೆಯೇ?
- ರಾತ್ರಿಗೆ ಎಷ್ಟು ಗಂಟೆ ಬಳಸಿದಿರಿ, ಗಾಳಿ ಎಷ್ಟು ಸೋರಿತು, ಎಎಚ್‌ಐ ಎಷ್ಟಾಯಿತು ಎಂಬುದನ್ನು ಯಂತ್ರ ದಾಖಲಿಸುತ್ತದೆಯೇ? ಅದನ್ನು ತಿಂಗಳ ನಂತರ ಯಾರು ನೋಡುತ್ತಾರೆ?
- ಕೆಟ್ಟರೆ ರಿಪೇರಿ ಎಲ್ಲಿ? ಬೆಂಗಳೂರಿಗೇ ಹೊರಬೇಕೇ? ಅಷ್ಟು ದಿನ ಬದಲಿ ಯಂತ್ರ ಕೊಡುತ್ತಾರೆಯೇ?
- ನಿಮ್ಮ ವಿಮೆ ಇದಕ್ಕೆ ಹಣ ಕೊಡುತ್ತದೆಯೇ? ಹಲವು ಪಾಲಿಸಿಗಳು ಕೊಡುವುದಿಲ್ಲ. ಬಾಯಿಮಾತಲ್ಲ, ಬರಹದಲ್ಲಿ ಕೇಳಿ.

ಮೊದಲ ತಿಂಗಳು ಕಷ್ಟವೇ. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿ ಅಭ್ಯಾಸ ಮಾಡಿ. ಒಗ್ಗದಿದ್ದರೆ ಮೂಲೆಗೆ ಇಡುವ ಮೊದಲು ವೈದ್ಯರಿಗೆ ಹೇಳಿ. ಮಾಸ್ಕ್ ಬದಲಿಸಬಹುದು, ಒತ್ತಡ ಬದಲಿಸಬಹುದು. ಸೌಮ್ಯ ಅಥವಾ ಮಧ್ಯಮ ಆಪ್ನಿಯಾಕ್ಕೆ ದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವೂ ಇದೆ. ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು, ರಾತ್ರಿ ಮದ್ಯ ಬಿಡುವುದು ಎಲ್ಲರಿಗೂ ಒಳ್ಳೆಯದು. ಬಾಯಿಗೆ ಟೇಪ್ ಅಂಟಿಸುವುದು, ಮೂಗಿಗೆ ಅಯಸ್ಕಾಂತದ ಕ್ಲಿಪ್ ಹಾಕುವುದು ಚಿಕಿತ್ಸೆ ಅಲ್ಲ. ಮೂಗು ಕಟ್ಟಿರುವವರಿಗೆ ಟೇಪ್ ಅಪಾಯವೂ ಹೌದು.

ಮುಂದಿನ ಸಲ ಇಂಥ ಯಂತ್ರದ ಜಾಹೀರಾತು ಗುಂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಹಾಕಿ: “ಪರೀಕ್ಷೆ ಆಗಿದೆಯಾ?” ಗಣಿಯಲ್ಲಿ ದುಡಿದ ಅಪ್ಪನೋ ತಾತನೋ ಮನೆಯಲ್ಲಿದ್ದರೆ, ಇದನ್ನು ಕೇಳಲೇಬೇಕು.