ಯಾರದೋ ಕಥೆಯಲ್ಲಿ ಕಮಲಾಳ ಸಾವು

‘ದಿ ಅಮೇಜಿಂಗ್ ಸ್ಪೈಡರ್‌-ಮ್ಯಾನ್’ ಕಾಮಿಕ್ಸ್ ಸರಣಿಯ 26ನೇ ಸಂಚಿಕೆ 2023ರ ಮೇ 31ರಂದು ಅಮೆರಿಕದ ಅಂಗಡಿಗಳಿಗೆ ಬಂತು. ಮಿಸ್ ಮಾರ್ವೆಲ್ ಎಂದು ಹೆಸರಾದ ಕಮಲಾ ಖಾನ್ ಅದರಲ್ಲಿ ಸಾಯುತ್ತಾಳೆ. ಸಂಚಿಕೆ ಹೊರಬರುವ ಮುಂಚೆಯೇ ಸುದ್ದಿ ಸೋರಿತು, ಪ್ರಕಾಶಕರೂ ಅದನ್ನು ಒಪ್ಪಿಕೊಂಡರು. ಓದುಗರು ಕೆರಳಿದರು. ‘ಕಾಮಿಕ್ಸ್‌ನಲ್ಲಿ ಸತ್ತವರು ಹೇಗೂ ಎದ್ದು ಬರುತ್ತಾರೆ, ಇದಕ್ಕೆಲ್ಲ ಯಾಕಿಷ್ಟು ಸಿಟ್ಟು’ ಎಂದು ಅವರ ಬಾಯಿ ಮುಚ್ಚಿಸಲು ನೋಡಿದವರೂ ಇದ್ದರು. ಆ ಸಿಟ್ಟು ನ್ಯಾಯವಾದದ್ದು. ಅವಳು ಸತ್ತಳೆಂಬುದು ಇಲ್ಲಿ ದೊಡ್ಡ ತಕರಾರಲ್ಲ. ಯಾರ ಕಥೆಯಲ್ಲಿ, ಯಾರ ಮುಖ ಹೊತ್ತು, ಯಾರ ಅನುಕೂಲಕ್ಕೆ ಸತ್ತಳು ಎಂಬುದೇ ತಕರಾರು.

ಕಮಲಾ ಯಾರೆಂದು ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಲೇಬೇಕು. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಬೆಳೆದ, ಪಾಕಿಸ್ತಾನಿ ಮೂಲದ ಮುಸ್ಲಿಂ ಕುಟುಂಬದ ಹುಡುಗಿ. ಸಂಪಾದಕಿ ಸನಾ ಅಮಾನತ್, ಲೇಖಕಿ ಜಿ. ವಿಲೋ ವಿಲ್ಸನ್, ಚಿತ್ರಕಾರ ಏಡ್ರಿಯನ್ ಅಲ್ಫೋನಾ ಮತ್ತಿತರರು ಸೇರಿ ರೂಪಿಸಿದ ಪಾತ್ರ. 2014ರಲ್ಲಿ ಅವಳದೇ ಹೆಸರಿನ ಸರಣಿ ಶುರುವಾಯಿತು. ಅದರ ಮೊದಲ ಸಂಪುಟಕ್ಕೆ ಮರುವರ್ಷವೇ ಹ್ಯೂಗೋ ಪ್ರಶಸ್ತಿ ಬಂತು. ಅದೇ 2015ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬಸ್ಸುಗಳ ಮೇಲೆ ಮುಸ್ಲಿಮರನ್ನು ಹೀಗಳೆಯುವ ಜಾಹೀರಾತುಗಳಿದ್ದಾಗ, ಜನ ಅವುಗಳ ಮೇಲೆ ಕಮಲಾಳ ಚಿತ್ರಗಳನ್ನು ಅಂಟಿಸಿದರು. ಪುಸ್ತಕದ ಪುಟದಿಂದ ಬೀದಿಗಿಳಿದು ಜನರಿಗೆ ಆಸರೆಯಾದ ಪಾತ್ರಗಳು ಈ ಉದ್ಯಮದಲ್ಲಿ ಎಷ್ಟಿವೆ?

ಆ ಸರಣಿಯ ಆರಂಭವನ್ನು ನೆನಪಿಸಿಕೊಳ್ಳಬೇಕು. ಕಮಲಾಗೆ ಬೇಕಾದ ರೂಪಕ್ಕೆ ತಿರುಗುವ ಶಕ್ತಿ ಮೊದಲ ಸಲ ಬಂದಾಗ ಅವಳು ಬದಲಾದದ್ದು ಕ್ಯಾರಲ್ ಡ್ಯಾನ್ವರ್ಸ್ ಎಂಬ ಹೊಂಗೂದಲಿನ ಬಿಳಿಯ ನಾಯಕಿಯಾಗಿ. ನಾಯಕಿಯೆಂದರೆ ಹಾಗೇ ಇರಬೇಕೆಂದು ಆ ಹುಡುಗಿ ನಂಬಿದ್ದಳು. ಆ ವೇಷ ತನಗೆ ಒಗ್ಗುವುದಿಲ್ಲ, ತನ್ನ ಮೈಬಣ್ಣ, ತನ್ನ ಹೆಸರಿನಲ್ಲೇ ಜನರನ್ನು ಕಾಯಬಹುದು ಎಂದು ಅವಳು ಕಂಡುಕೊಳ್ಳುವುದೇ ಆ ಕಥೆಯ ಜೀವ. ಎಡಿಸನ್ನಿನಲ್ಲೋ ಜೆರ್ಸಿ ಸಿಟಿಯಲ್ಲೋ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳಿಗೂ ಈ ಸಂಕಟ ಹೊಸದಲ್ಲ. ಮನೆಯೊಳಗೆ ಒಂದು ನಡೆ, ಶಾಲೆಯಲ್ಲಿ ಇನ್ನೊಂದು ಎಂದು ಬದುಕುವವರೆಲ್ಲ ಇದನ್ನು ಬಲ್ಲರು.

26ನೇ ಸಂಚಿಕೆ ಮಾಡಿದ್ದೇನು? ಜೆಬ್ ವೆಲ್ಸ್ ಬರೆದು ಜಾನ್ ರೊಮಿಟಾ ಜೂನಿಯರ್ ಚಿತ್ರಿಸಿದ ಈ ಕಂತಿನಲ್ಲಿ ಖಳ ಬಲಿ ಕೇಳುವುದು ಸ್ಪೈಡರ್‌-ಮ್ಯಾನ್‌ನ ಹಳೆಯ ಪ್ರೇಯಸಿ ಮೇರಿ ಜೇನ್‌ಳನ್ನು. ಕಮಲಾ ಮೇರಿ ಜೇನ್‌ಳ ರೂಪ ತಾಳಿ ಆ ಇರಿತಕ್ಕೆ ತಾನೇ ಎದೆಯೊಡ್ಡುತ್ತಾಳೆ. ತನ್ನ ಮುಖವನ್ನು ತಾನೇ ಒಪ್ಪಿಕೊಳ್ಳಲು ಹೆಣಗಿ ಗೆದ್ದವಳು ಇನ್ನೊಬ್ಬ ಬಿಳಿ ಹೆಣ್ಣಿನ ಮುಖ ಹೊತ್ತು ಇರಿತಕ್ಕೆ ಒಳಗಾಗುತ್ತಾಳೆ. ಅವಳನ್ನು ಕಟ್ಟಿದ ಕಥೆಯನ್ನು ಓದಿದ ಯಾರೇ ಆಗಲಿ, ಈ ದೃಶ್ಯ ಬರೆಯುವ ಮುನ್ನ ತಡೆದು ನಿಲ್ಲುತ್ತಿದ್ದರು. ತ್ಯಾಗ ದೊಡ್ಡದು ಎಂಬ ಸಮರ್ಥನೆ ಸಾಲದು. ತ್ಯಾಗ ಮಾಡುವವಳ ಬದುಕು ಪುಟದ ಮೇಲೆ ಇದ್ದರೆ ತಾನೇ ಅದರ ಬೆಲೆ ತಿಳಿಯುವುದು? ಈ ಸರಣಿಯಲ್ಲಿ ಕಮಲಾ ಓಸ್ಕಾರ್ಪ್ ಕಂಪನಿಯಲ್ಲಿ ಇಂಟರ್ನ್ ಆಗಿ ಆಗೊಮ್ಮೆ ಈಗೊಮ್ಮೆ ಬಂದುಹೋಗುವವಳು. ಉಸಿರು ಬಿಡುವಾಗ ಸುತ್ತ ನೆರೆದವರಲ್ಲಿ ಸ್ಪೈಡರ್‌-ಮ್ಯಾನ್ ಆದ ಪೀಟರ್ ಪಾರ್ಕರನ ಲೋಕದವರೇ ಮುಖ್ಯ. ಶೋಕವೂ ಅವನದೇ.

1973ರಲ್ಲಿ ಇದೇ ಹೆಸರಿನ ಹಳೆಯ ಸರಣಿಯ 121ನೇ ಸಂಚಿಕೆಯಲ್ಲಿ ಪೀಟರನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತಾಗ ಓದುಗರು ತತ್ತರಿಸಿದ್ದರು. ಅವಳು ಆ ಕಥೆಯಲ್ಲಿ ವರ್ಷಗಟ್ಟಲೆ ಬದುಕಿದ್ದವಳು, ಆದ್ದರಿಂದ ಆ ನೋವು ನಿಜವಾಗಿತ್ತು. 1992ರಲ್ಲಿ ಸೂಪರ್‌ಮ್ಯಾನ್ ಸಾವಿನ ಸಂಚಿಕೆಯನ್ನು ಕಪ್ಪು ಚೀಲದಲ್ಲಿ ಹಾಕಿ ಮಾರಿದ್ದು ಶುದ್ಧ ವ್ಯಾಪಾರವೇ, ಅನುಮಾನ ಬೇಡ. ಆದರೂ ಅವನು ಸತ್ತದ್ದು ತನ್ನ ಸರಣಿಯಲ್ಲಿ, ತನ್ನ ಊರನ್ನು ಕಾಯುತ್ತ. ಕಮಲಾಗೆ ಅಷ್ಟೂ ದಕ್ಕಲಿಲ್ಲ. ಅವಳ ಹಳೆಯ ಲೇಖಕರಾದ ವಿಲ್ಸನ್, ಮಾರ್ಕ್ ವೇಡ್, ಸಲಾದಿನ್ ಅಹ್ಮದ್ ಅವರಿಂದ ಪ್ರಕಾಶಕರು 2023ರ ಜುಲೈನಲ್ಲಿ ಶ್ರದ್ಧಾಂಜಲಿಯ ಪ್ರತ್ಯೇಕ ಸಂಚಿಕೆ ಬರೆಸಿದರು. ಅವಳನ್ನು ಬಲ್ಲವರಿಗೆ ಬಿಟ್ಟುಕೊಟ್ಟದ್ದು ಅಳುವ ಕೆಲಸವನ್ನು ಮಾತ್ರ.

ಅದೇ ಜುಲೈ ಮುಗಿಯುವುದರೊಳಗೆ ‘ಎಕ್ಸ್‌-ಮೆನ್: ಹೆಲ್‌ಫೈರ್ ಗಾಲಾ’ ಸಂಚಿಕೆಯಲ್ಲಿ ಕಮಲಾ ಬದುಕಿ ಬಂದಳು, ಈ ಸಲ ಎಕ್ಸ್‌-ಮೆನ್ ಕುಲದ ಮ್ಯೂಟಂಟ್ ಆಗಿ. ಕಾಮಿಕ್‌ನಲ್ಲಿ ಅದುವರೆಗೆ ಅವಳು ಇನ್‌ಹ್ಯೂಮನ್ ಎಂಬ ಬೇರೆಯದೇ ಕುಲದವಳು. ಅವಳನ್ನು ಮ್ಯೂಟಂಟ್ ಎಂದು ಸೂಚಿಸಿದ್ದು 2022ರ ಟಿ.ವಿ. ಸರಣಿ. ‘ದಿ ಮಾರ್ವೆಲ್ಸ್’ ಸಿನಿಮಾ ಬಿಡುಗಡೆ 2023ರ ನವೆಂಬರಿಗೆ ನಿಗದಿಯಾಗಿತ್ತು. ಈ ಸಾಲನ್ನು ಒಟ್ಟಿಗಿಟ್ಟು ನೋಡಿದರೆ, ಪುಸ್ತಕದ ಹುಡುಗಿಯನ್ನು ಪರದೆಯ ಹುಡುಗಿಗೆ ಹೊಂದಿಸಲು ಈ ಸಾವು ಬಳಕೆಯಾಯಿತು ಎಂದೇ ನಾನು ಹೇಳುತ್ತೇನೆ. ಪರದೆಯಲ್ಲಿ ಅವಳಾಗಿ ನಟಿಸಿದ ಇಮಾನ್ ವೆಲ್ಲಾನಿ ಮತ್ತು ಸಬೀರ್ ಪೀರ್‌ಜಾದಾ ಆಗಸ್ಟಿನಿಂದ ಬರೆದ ಹೊಸ ಸರಣಿಯಲ್ಲಿ ಈ ಪಾತ್ರದ ಮೇಲೆ ನಿಜವಾದ ಅಕ್ಕರೆಯಿದೆ. ಅದರಿಂದ ಮೇ ತಿಂಗಳ ಸಂಚಿಕೆ ನೇರ್ಪಾಗುವುದಿಲ್ಲ.

26ನೇ ಸಂಚಿಕೆ ಬಂದ ಮರುದಿನವೇ, ಜೂನ್ 1ರಂದು, ಭಾರತದಲ್ಲಿ ‘ಸ್ಪೈಡರ್‌-ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌-ವರ್ಸ್’ ಸಿನಿಮಾ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು. ಸ್ಪೈಡರ್‌-ಮ್ಯಾನ್ ಆದವನ ಹತ್ತಿರದವರು ಯಾರಾದರೂ ಸಾಯಲೇಬೇಕು, ಅದು ವಿಧಿ ಎಂದು ಅಲ್ಲಿ ಹಿರಿಯರು ಹೇಳುತ್ತಾರೆ. ಸಿನಿಮಾದ ನಾಯಕ, ಹುಡುಗ ಮೈಲ್ಸ್ ಅದನ್ನು ಒಪ್ಪುವುದಿಲ್ಲ. ನಮ್ಮ ಭಾರತದ ಸ್ಪೈಡರ್‌-ಮ್ಯಾನ್ ಪವಿತ್ರ್ ಪ್ರಭಾಕರನ ಗೆಳತಿ ಗಾಯತ್ರಿಯ ತಂದೆಯನ್ನು ಮೈಲ್ಸನೇ ಉಳಿಸುತ್ತಾನೆ. ಒಬ್ಬ ನಾಯಕ ಬೆಳೆಯಲು ಪಕ್ಕದವರು ಸಾಯಲೇಬೇಕೇ ಎಂದು ಸಿನಿಮಾ ಗಟ್ಟಿಯಾಗಿ ಕೇಳಿದ ವಾರದಲ್ಲೇ, ಪುಸ್ತಕ ಆ ಪ್ರಶ್ನೆಯ ಗೊಡವೆಗೇ ಹೋಗದೆ ಹದಿಹರೆಯದ ಹುಡುಗಿಯನ್ನು ಬಲಿ ಕೊಟ್ಟಿತು.

ಇಂಥ ಸಂಚಿಕೆಯನ್ನು ವಿಮರ್ಶಿಸುವವರು ‘ಮುಂದೆ ಸರಿಹೋಗುತ್ತದೆ’ ಎಂದು ರಿಯಾಯಿತಿ ಕೊಡಬಾರದು. ಓದುಗ ಹಣ ಕೊಟ್ಟದ್ದು ಕೈಯಲ್ಲಿರುವ ಪುಟಗಳಿಗೆ. ಆ ಪುಟಗಳಲ್ಲಿ ಕಮಲಾಗೆ ನ್ಯಾಯ ಸಿಕ್ಕಿಲ್ಲ. ನಿಮ್ಮ ಮನೆಯ ಮಕ್ಕಳಿಗೆ ಅವಳನ್ನು ಪರಿಚಯಿಸುವುದಿದ್ದರೆ 2014ರ ಸರಣಿಯ ಮೊದಲ ಸಂಪುಟ ಕೊಡಿಸಿ. 26ನೇ ಸಂಚಿಕೆಯನ್ನು ಅಂಗಡಿಯಲ್ಲೇ ಬಿಡಿ.